ನರಸಮ್ಮ ತಾಳ್ಮೆ ಬೇಡಿದ್ದು

ಎಸ್ತರಮ್ಮ ಹೊಸೂರಿಗೆ ಬಂದಾಗ ಇನ್ನೂ ಯುದ್ಧ ನಡೆಯುತ್ತಿತ್ತು. ಸೀಮೆಎಣ್ಣೆಗೆ ತತ್ವಾರ, ಕ್ವಿನೈನಿಗೆ ಇನ್ನೂ ತತ್ವಾರ. ಬೆಂಗಳೂರಿನಲ್ಲಿ ನರ್ಸ್ ಕೆಲಸ ಕಲಿತವಳು, ದೇವರ ಸೇವೆ ಮಾಡಬೇಕೆಂದು ತಾನಾಗಿಯೇ ಕೇಳಿಕೊಂಡು ಮಿಷನ್ನಿನವರ ಈ ಸಣ್ಣ ದವಾಖಾನೆಗೆ ಬಂದಿದ್ದಳು. ಕೈ ಬಲು ಚುರುಕು. ನಾಲಿಗೆ ಅದಕ್ಕಿಂತ ಚುರುಕು. ರೋಗಿ ಬಾಯಿ ತೆರೆಯುವಷ್ಟರಲ್ಲಿ ಔಷಧಿ ಸೀಸೆ ಅವನ ಕೈಯಲ್ಲಿರುತ್ತಿತ್ತು, ಅವನು ಬಾಯಿ ಮುಚ್ಚುವಷ್ಟರಲ್ಲಿ ಮುಂದಿನವನು ಬೆಂಚಿನ ಮೇಲಿರುತ್ತಿದ್ದ.

ನರ್ಸಮ್ಮ ಎಂಬುದು ಊರವರ ಬಾಯಲ್ಲಿ ನರಸಮ್ಮ ಆಯಿತು. ಅದು ತನ್ನ ಹೆಸರಲ್ಲ, ಕೆಲಸದ ಹೆಸರು ಎಂದು ಅವಳು ಕೆಲವರನ್ನು ತಿದ್ದಿ ನೋಡಿದಳು. ಅವರು ಗಮನವಿಟ್ಟು ಕೇಳಿ, ತಲೆಯಾಡಿಸಿ, ಆಗಲಿ ನರಸಮ್ಮ ಎಂದು ಹೋದರು.

ಕೋಪ ಮೂಗಿನ ತುದಿಯಲ್ಲೇ ಇರುವುದು ಅವಳಿಗೂ ಗೊತ್ತಿತ್ತು. ಒಂದು ಭಾನುವಾರ ಆರಾಧನೆಯಲ್ಲಿ ಎಲ್ಲರ ಮುಂದೆ, ಸ್ವಾಮಿ ನನಗೆ ತಾಳ್ಮೆ ಕೊಡು, ಬೇಗ ಕೊಡು ಎಂದು ಪ್ರಾರ್ಥಿಸಿದಳು. ಸಭೆ ನಡೆಸುತ್ತಿದ್ದ ಜೀವರತ್ನಂ ಅಯ್ಯನವರು ವಯಸ್ಸಾದವರು, ನಗುವನ್ನು ಮೀಸೆಯಲ್ಲೇ ಅಡಗಿಸಿಡಬಲ್ಲವರು. ಹೊರಗೆ ಬಂದಮೇಲೆ ಮೆಲ್ಲಗೆ ಕೇಳಿದರು:

"ಯೋಚನೆ ಮಾಡಿ ಕೇಳಿದ್ಯೇನಮ್ಮ? ಮಳೆ ಕೇಳಿದ್ರೆ ದೇವರು ಮೋಡ ಕಳಿಸ್ತಾನೆ. ತಾಳ್ಮೆ ಕೇಳಿದ್ರೆ ಜನಗಳನ್ನ ಕಳಿಸ್ತಾನೆ."

ಕಳಿಸಿದ್ದು ಅವಲಪಲ್ಲಿಯ ರಾಮಕ್ಕನನ್ನು.

ರಾಮಕ್ಕ ಐವತ್ತು ದಾಟಿದ ಗಟ್ಟಿ ಹೆಂಗಸು. ಬಂದವಳು ಬೆಂಚಿನ ಮೇಲೆ ಕೂರಲಿಲ್ಲ. ನೆಲದ ಮೇಲೆ ಕಾಲು ಚಾಚಿ ಕೂತು, ಎಲೆಅಡಿಕೆ ಚೀಲ ಬಿಚ್ಚಿ, ಮಂಡಿನೋವಿನ ವಿಷಯ ಹೇಳಲು ತೊರಪಲ್ಲಿಯ ಸೋದರತ್ತೆಯ ಮದುವೆಯಿಂದ ಶುರು ಮಾಡಿದಳು. ಮದುವೆಯಲ್ಲಿ ಬಿದ್ದಿದ್ದಿರಾ ಎಂದು ಎಸ್ತರಮ್ಮ ಕೇಳಿದಳು. ಇಲ್ಲ, ಆಗ ತಾನಿನ್ನೂ ಹುಟ್ಟಿರಲಿಲ್ಲ ಎಂದಳು ರಾಮಕ್ಕ. ಮಂಡಿಗೆ ಎಣ್ಣೆ ಕೊಟ್ಟು ಕಳಿಸಿದರೆ, ಮತ್ತೆ ಬಂದಾಗ ಮಂಡಿನೋವು ಭುಜಕ್ಕೆ ಏರಿತ್ತು. ಆಮೇಲೆ ಕಿವಿಗೆ ಬಂತು. ಕಿವಿಯಿಂದ ಎಲ್ಲಿಗೆ ಹೋಯಿತೋ ರಾಮಕ್ಕನಿಗೂ ನೆನಪಿರಲಿಲ್ಲ. ಅವಳಿಗೆ ಏನಾದರೂ ಬೇಕಿದ್ದಂತೆಯೂ ಕಾಣಲಿಲ್ಲ. ಎಲೆ ಮೆಲ್ಲುತ್ತಾ, ನರಸಮ್ಮ ಗಾಯ ತೊಳೆಯುವುದನ್ನೂ ಗದರುವುದನ್ನೂ ನೋಡುತ್ತಾ ಕೂತಿರುತ್ತಿದ್ದಳು.

ಎಸ್ತರಮ್ಮ ಹಲ್ಲು ಕಚ್ಚಿ ಸಹಿಸಿದಳು. ಕೊನೆಗೊಂದು ದಿನ ದವಾಖಾನೆಯ ತುಂಬ ಜ್ವರದವರಿದ್ದಾಗ ರಾಮಕ್ಕ ಹೊಸ ಕಾಯಿಲೆಯೊಂದನ್ನು ಅದರ ಅಜ್ಜನ ಕಾಲದಿಂದ ಹೇಳಲು ತೊಡಗಿದಳು. ನಿಮಗೆ ಯಾವ ರೋಗವೂ ಇಲ್ಲ, ಇರುವುದೆಲ್ಲ ಬಾಯಿ, ಇನ್ನು ಇಲ್ಲಿಗೆ ಬರಬೇಡಿ ಎಂದುಬಿಟ್ಟಳು ಎಸ್ತರಮ್ಮ. ರಾಮಕ್ಕ ಚೀಲ ಸುತ್ತಿ ಸೊಂಟಕ್ಕೆ ಸಿಕ್ಕಿಸಿ ಎದ್ದು ಹೋದಳು.

ಆ ವಾರವೆಲ್ಲ ದವಾಖಾನೆಯಲ್ಲಿ ಹಿತವಾದ ಶಾಂತಿ. ಮುಂದಿನ ವಾರದ ಶಾಂತಿ ಅಷ್ಟು ಹಿತವೆನಿಸಲಿಲ್ಲ. ಅವಲಪಲ್ಲಿ ಕಡೆಯ ಹೆಂಗಸರೊಬ್ಬರೂ ಬರಲಿಲ್ಲ. ವಿಚಾರಿಸಿದರೆ, ಅವರನ್ನೆಲ್ಲ ಇಷ್ಟು ದಿನ ಹಿಡಿದು ಕಳಿಸುತ್ತಿದ್ದವಳೇ ರಾಮಕ್ಕ ಎಂದು ತಿಳಿಯಿತು. ಎಸ್ತರಮ್ಮ ಬರಿಯ ಬೆಂಚಿನ ಮೇಲೆ ಕೂತು ತನ್ನ ಮಾತನ್ನು ನೆನೆದುಕೊಂಡಳು. ದವಾಖಾನೆ ಖಾಲಿಯಾದದ್ದಕ್ಕಿಂತ, ಮುದುಕಿ ಎದುರಾಡದೆ ಎದ್ದು ಹೋದದ್ದೇ ಅವಳನ್ನು ಚುಚ್ಚಿತು. ಬಾಗಿಲಿಗೆ ಬೀಗ ಹಾಕಿ ಅವಲಪಲ್ಲಿಗೆ ನಡೆದಳು.

ರಾಮಕ್ಕ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಬಾ ಎಂದಳು, ಕೂತ್ಕೋ ಎಂದಳು, ಮತ್ತೆ ರಾಗಿ ಕೇರಿದಳು. ಕ್ಷಮೆ ಕೇಳಲು ಎಸ್ತರಮ್ಮ ಬಾಯಿ ತೆರೆದಾಗಲೆಲ್ಲ ಮೊರದ ಸದ್ದು ಜೋರಾಯಿತು. ರಾಗಿ ಮುಗಿಯಿತು, ಎಮ್ಮೆಗೆ ಹುಲ್ಲು ಹಾಕಬೇಕಾಯಿತು, ಎಮ್ಮೆಯ ಜೊತೆ ಸ್ವಲ್ಪ ಮಾತೂ ಆಡಬೇಕಾಯಿತು. ಎಸ್ತರಮ್ಮ ಜಗುಲಿಯ ಮೇಲೆ ಬಿಸಿಲು ತಿನ್ನುತ್ತಾ ಕೂತಳು. ಎದ್ದು ಹೋಗಿಬಿಡಲೇ ಎಂದು ಹಲವು ಸಲ ಅನ್ನಿಸಿತು. ಹೋಗಲಿಲ್ಲ.

ಕೊನೆಗೆ ರಾಮಕ್ಕ ಬಂದು ಪಕ್ಕದಲ್ಲಿ ಕುಳಿತಳು.

"ತಪ್ಪಾಯ್ತು ರಾಮಕ್ಕ. ಹಾಗನ್ನಬಾರದಿತ್ತು," ಎಂದಳು ಎಸ್ತರಮ್ಮ.

ರಾಮಕ್ಕ ಒಳಮನೆಯ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದಳು. "ನಂಗೆ ಮಂಡಿನೂ ನೋವಿಲ್ಲ, ಕಿವಿನೂ ನೋವಿಲ್ಲ ಕಣಮ್ಮ. ನಮ್ಮ ಸೊಸೆ ಶ್ಯಾಮಲಮ್ಮ ಬಸುರಿ. ಹಿಂದೆ ಎಲ್ಡು ಕೂಸು ಉಳೀನಿಲ್ಲ. ನಮ್ಮೂರ ಸೂಲಗಿತ್ತಿ ಬಿರ್ರನೆ ಆಗ್ಲಿ ಅಂತ ಹೊಟ್ಟೆ ಅದುಮಿಬುಟ್ಳು. ಅದ್ಕೇ ನಿನ್ನ ನೋಡಾನ ಅಂತ ಬತ್ತಿದ್ದೆ. ಕೈ ಒಳ್ಳೇದು. ತಡಕಣಾಕೆ ಬತ್ತದೋ ಇಲ್ವೋ ಅಂತ ನೋಡ್ತಿದ್ದೆ."

ಎಸ್ತರಮ್ಮ, ತಡೆದುಕೊಳ್ಳಲು ಬರುವುದಿಲ್ಲ, ಆದರೆ ಕಲಿಯುತ್ತಿದ್ದೇನೆ ಎಂದಳು. ಈಗ ಕೂತಿದ್ದೆಯಲ್ಲ, ಅಷ್ಟು ಸಾಕು ಎಂದು ರಾಮಕ್ಕ ಸೊಸೆಯನ್ನು ಹೊರಗೆ ಕರೆದಳು.

ಹೆರಿಗೆಯ ನೋವು ಶುರುವಾದದ್ದು ಹುರುಳಿ ಕೀಳುವ ಕಾಲದಲ್ಲಿ, ಒಂದು ಮುಂಜಾನೆ. ಎಸ್ತರಮ್ಮ ಬಂದು ನೋಡಿದಳು. ಮಗುವಿನ ಎದೆಬಡಿತ ಚೆನ್ನಾಗಿತ್ತು, ಕಾಯುವುದೇ ಕೆಲಸ. ಶ್ಯಾಮಲಮ್ಮನ ಬೆನ್ನು ನೀವುತ್ತಾ, ನೀರು ಕುಡಿಸುತ್ತಾ, ಮನಸ್ಸಿನಲ್ಲೇ ಪ್ರಾರ್ಥಿಸುತ್ತಾ ಕೂತಳು. ಕೂರಲಾಗದೆ ಹೋದದ್ದು ರಾಮಕ್ಕನಿಗೆ. ಒಳಗೆ ಬಂದಳು, ಹೊರಗೆ ಹೋದಳು, ಎಮ್ಮೆಗೆ ಬೈದಳು. ಬೆಳಿಗ್ಗೆಯೆಲ್ಲ ಆಯಿತಲ್ಲ, ಸೂಜಿ ಚುಚ್ಚಬಾರದೇ, ಏನಾದರೂ ಮಾಡಬಾರದೇ ಎಂದು ಕೇಳಿದಳು. ಮಧ್ಯಾಹ್ನದ ಹೊತ್ತಿಗೆ ತಾನೇ ಸೆರಗು ಸಿಕ್ಕಿಸಿಕೊಂಡು ಹೊಟ್ಟೆ ಅದುಮಲು ಬಂದಳು. ಎಸ್ತರಮ್ಮ ಅವಳ ಎರಡೂ ಕೈಗಳನ್ನು ಹಿಡಿದುಕೊಂಡಳು.

"ತಾಳಿ ರಾಮಕ್ಕ. ಮಗು ತನ್ನ ಹೊತ್ತಿಗೆ ತಾನು ಬರತ್ತೆ. ನೀವು ಇಲ್ಲಿ ಕೂತು ನನಗೆ ಆ ತೊರಪಲ್ಲಿ ಮದುವೆ ವಿಷಯ ಹೇಳಿ."

ರಾಮಕ್ಕ ಕೂತಳು. ನಡುಗುವ ದನಿಯಲ್ಲಿ ಮದುವೆ ಶುರುವಾಯಿತು. ಚಪ್ಪರ ಬಿತ್ತು, ಬೀಗರು ಮುನಿಸಿಕೊಂಡರು, ಪಾಯಸ ಸೀದುಹೋಯಿತು. ನೋವಿನ ನಡುವೆಯೂ ಶ್ಯಾಮಲಮ್ಮನಿಗೆ ಒಂದೆರಡು ಸಲ ನಗು ಬಂತು. ಗಂಡಿನವರನ್ನು ಇನ್ನೂ ಸಮಾಧಾನ ಮಾಡಿ ಮುಗಿದಿರಲಿಲ್ಲ, ಹೆಣ್ಣುಮಗು ಹುಟ್ಟಿತು. ಹುಟ್ಟಿದ್ದೇ ತಡ, ಮನೆ ಹಾರಿಹೋಗುವ ಹಾಗೆ ಅತ್ತಿತು. ರಾಮಕ್ಕ ಗೋಡೆಗೊರಗಿ ತಾನೂ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಇಷ್ಟು ಗಂಟಲು ಇಟ್ಟುಕೊಂಡು ಇಷ್ಟು ಹೊತ್ತು ಒಳಗೆ ಏನು ಮಾಡುತ್ತಿದ್ದೆಯೇ ಎಂದು ಮೊಮ್ಮಗಳನ್ನು ಗದರಿಸಿದಳು.

ಎಸ್ತರಮ್ಮ ಕೈ ತೊಳೆದು ಹೊರಗೆ ಬಂದಾಗ ಅಂಗಳದ ತುಂಬ ಹೆಂಗಸರು ಕೂತಿದ್ದರು, ಒಬ್ಬೊಬ್ಬರಿಗೂ ಒಂದೊಂದು ನೋವು. ಅವಳಿಗೆ ಹೊಟ್ಟೆ ಚುರುಗುಟ್ಟುತ್ತಿತ್ತು, ಕಣ್ಣು ಮುಚ್ಚಿಹೋಗುತ್ತಿತ್ತು, ಕೋಪವೂ ಮೂಗಿನವರೆಗೆ ಬಂದಿತ್ತು. ಒಮ್ಮೆ ಉಸಿರೆಳೆದುಕೊಂಡು ಜಗುಲಿಯ ಮೇಲೆ ಕುಳಿತಳು. ಎಲ್ಲರಿಗಿಂತ ಮುಂದಿದ್ದ ಅಜ್ಜಿಯನ್ನು ಹತ್ತಿರ ಕರೆದು, ಎಲ್ಲಿ ನೋವು ಎಂದು ಕೇಳಿದಳು. ಅಜ್ಜಿ ಸಾವಕಾಶವಾಗಿ ಕಾಲು ಚಾಚಿ ಕೂತುಕೊಂಡಳು.