ಕುಣಿಗಲ್ ಅಂಗಡಿಗೆ ಹೂಂ ಅಂದವರು

ಕುಣಿಗಲ್ಲಿನ ಹೊಸ ಅಂಗಡಿಯ ಮೆಟ್ಟಿಲನ್ನು ಎರಡನೇ ಸಲ ಒಡೆಯುವಾಗ ಅಕ್ಷತಾ ಎದುರಿನ ಟೀ ಅಂಗಡಿಗೆ ಹೋಗಿ ಕೂತುಬಿಟ್ಟಳು. ನೋಡಲು ಮನಸ್ಸಾಗಲಿಲ್ಲ. ಮೊದಲ ಸಲ ಒಡೆದಾಗ ಎಡಗಡೆಯ ಮೆಟ್ಟಿಲು ಬಲಗಡೆಗೆ ಬಂದಿತ್ತು. ಈಗ ಬಲಗಡೆಯದು ಮತ್ತೆ ಎಡಕ್ಕೆ ಹೊರಟಿತ್ತು. ಮೇಸ್ತ್ರಿ ಚಿಕ್ಕಬೋರಯ್ಯ ತಲೆಯ ಟವೆಲ್ ಬಿಚ್ಚಿ ಧೂಳು ಕೊಡವುತ್ತಾ ಅವಳೆದುರು ಬಂದು ನಿಂತ.

"ಮೇಡಂ, ನಂಗೇನೂ ಬೇಜಾರಿಲ್ಲ. ಕಟ್ಟು ಅಂದ್ರೆ ಕಟ್ತೀನಿ, ಒಡಿ ಅಂದ್ರೆ ಒಡಿತೀನಿ. ಯಾರ ಮಾತು ಕೇಳ್ಬೇಕು ಅಂತ ಒಂದ್ಸಲ ಹೇಳ್ಬುಡಿ."

ಅದು ಅವಳಿಗೇ ಗೊತ್ತಿರಲಿಲ್ಲ.

ತುಮಕೂರಿನಲ್ಲಿ ಚನ್ನವೀರಯ್ಯನವರ ಪಾತ್ರೆ ಅಂಗಡಿ ಅಂದರೆ ಮದುವೆ ನಿಶ್ಚಯವಾದ ಮನೆಯವರೆಲ್ಲ ಒಮ್ಮೆಯಾದರೂ ಹತ್ತಿ ಇಳಿಯುವ ಜಾಗ. ಗುಬ್ಬಿಯಲ್ಲೂ ಅವರದೊಂದು ಚಿಕ್ಕ ಅಂಗಡಿ. ಚನ್ನವೀರಯ್ಯ ಹೋದಮೇಲೆ ವ್ಯಾಪಾರ ಇಬ್ಬರು ಮಕ್ಕಳ ಕೈಗೆ ಬಂದಿತ್ತು. ಹಿರಿಯ ಸದಾಶಿವಯ್ಯ ಬೆಳಿಗ್ಗೆ ವಿಭೂತಿ ಧರಿಸಿ ಗಲ್ಲಾಪೆಟ್ಟಿಗೆ ಮುಂದೆ ಕೂತರೆ ಮಧ್ಯಾಹ್ನ ಊಟಕ್ಕಷ್ಟೇ ಏಳುವವರು. ಕಿರಿಯ ಚನ್ನೇಶ್ ಕಾರಿನಲ್ಲೇ ಹೆಚ್ಚು ಹೊತ್ತು ಇರುವವನು. ಯಾವುದೋ ಆನ್‌ಲೈನ್ ಮ್ಯಾನೇಜ್‌ಮೆಂಟ್ ಕೋರ್ಸ್ ಮಾಡಿಕೊಂಡಿದ್ದ. ಕುಣಿಗಲ್ಲಿನಲ್ಲಿ ಮೂರು ಅಂತಸ್ತಿನ ಅಂಗಡಿ ಕಟ್ಟಬೇಕೆಂದು ಇಬ್ಬರೂ ಒಪ್ಪಿದ್ದರು. ಅವರು ಪೂರ್ತಿ ಒಪ್ಪಿದ್ದು ಅದೊಂದನ್ನೇ.

ಮರಳೂರಿನ ಅಕ್ಷತಾ ಅಲ್ಲಿಯವರೆಗೆ ಒಬ್ಬ ಕಂಟ್ರಾಕ್ಟರ್ ಕೈಕೆಳಗೆ ಸೈಟ್ ಇಂಜಿನಿಯರ್ ಆಗಿದ್ದವಳು. ಪೂರ್ತಿ ಕೆಲಸ ತನ್ನ ಹೆಸರಿಗೇ ಬಂದದ್ದು ಇದೇ ಮೊದಲು. ಚನ್ನೇಶ್ ಅವಳನ್ನು ಪ್ರಾಜೆಕ್ಟ್ ಮ್ಯಾನೇಜರ್ ಅನ್ನುತ್ತಿದ್ದ, ಸದಾಶಿವಯ್ಯ ಇಂಜಿನಿಯರಮ್ಮ ಅನ್ನುತ್ತಿದ್ದರು. ಸದಾಶಿವಯ್ಯ ಬಂದು ನೋಡಿದ ದಿನ ಮೆಟ್ಟಿಲು ಬಲಕ್ಕಿರಬೇಕು, ವಾಸ್ತು ಹಾಗಿದೆ ಅನ್ನುತ್ತಿದ್ದರು, ಬರದ ದಿನ ಅದನ್ನೇ ಮೂರು ಹೊತ್ತು ಫೋನಿನಲ್ಲಿ ಹೇಳುತ್ತಿದ್ದರು. ಚನ್ನೇಶ್ ವಿಡಿಯೋ ಕಾಲ್ ಮಾಡಿದ ದಿನ ಬಲಗಡೆ ಪೂರ್ತಿ ಗಾಜು ಬೇಕು, ರಸ್ತೆಗೆ ಕುಕ್ಕರ್ ಮಿಕ್ಸಿಗಳು ಕಾಣಬೇಕು, ಮೆಟ್ಟಿಲು ಆಚೆ ತಳ್ಳಿ ಅನ್ನುತ್ತಿದ್ದ. ಇಬ್ಬರೂ ಕೊನೆಗೆ ಹೇಳುತ್ತಿದ್ದ ಮಾತು ಮಾತ್ರ ಒಂದೇ: ಮನೇಲಿ ಮಾತಾಡಿದೀವಿ, ನೀವು ಮುಂದುವರೀರಿ.

ಭಾನುವಾರ ಅವಳು ತುಮಕೂರಿನ ಬಟವಾಡಿಯಲ್ಲಿದ್ದ ಅವರ ಮನೆಗೇ ಹೋದಳು. ಇಬ್ಬರೂ ಸಿಗುವ ದಿನ ಅದೊಂದೇ. ನಡುಮನೆಯಲ್ಲಿ ಅವರ ತಾಯಿ ಬಸವಲಿಂಗಮ್ಮ ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಸುಲಿಯುತ್ತಿದ್ದರು. ಚನ್ನವೀರಯ್ಯನವರಿಗೆ ಎದೆನೋವು ಬಂದು ಮಲಗಿದ್ದ ಕಾಲದಲ್ಲಿ ಗುಬ್ಬಿ ಅಂಗಡಿಯನ್ನು ಈಕೆಯೇ ನಡೆಸಿದ್ದರು. ಈಗ ವ್ಯಾಪಾರದ ಸುದ್ದಿಗೆ ಹೋಗುವುದಿಲ್ಲವೆಂದು ಎಲ್ಲರೂ ಹೇಳುತ್ತಿದ್ದರು.

ತಟ್ಟೆ ಇಡ್ಲಿ ಮುಗಿಯುವವರೆಗೆ ಕಾದು, ಅಕ್ಷತಾ ರಾತ್ರಿಯೆಲ್ಲ ಜೋಡಿಸಿಕೊಂಡಿದ್ದ ಮಾತು ಆಡಿದಳು. ಇಬ್ಬರ ಸಲಹೆಯೂ ತನಗೆ ಬೇಕು, ಆದರೆ ಭಿನ್ನಾಭಿಪ್ರಾಯ ಬಂದಾಗ ಕೊನೆಯ ಮಾತು ಯಾರದೋ ಒಬ್ಬರದಾಗಬೇಕು, ಯಾರದೆಂದು ಈವತ್ತೇ ತೀರ್ಮಾನಿಸಿ ಅಂದಳು.

ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿದರು. ಅಣ್ಣ ಹೇಗೆ ಹೇಳಿದರೆ ಹಾಗೆ ಎಂದ ಚನ್ನೇಶ್. ಇದು ತಮ್ಮನ ಆಸೆಯ ಅಂಗಡಿ, ನಾನ್ಯಾಕೆ ಅಡ್ಡ ಬರಲಿ ಅಂದರು ಸದಾಶಿವಯ್ಯ. ಫೋನಿನಲ್ಲಿ ಅಷ್ಟು ಹಟ ಹಿಡಿಯುತ್ತಿದ್ದವರು ಎದುರಾಬದುರು ಕೂತಾಗ ಬೆಣ್ಣೆಯಂತೆ ಆಗಿಬಿಟ್ಟಿದ್ದರು. ಅಕ್ಷತಾ ಇನ್ನೆರಡು ಸಲ ಕೇಳಿದಳು, ಎರಡು ಸಲವೂ ಅದೇ ಉತ್ತರ. ಈ ಕೆಲಸ ಬಿಟ್ಟು ಹಳೇ ಕಂಟ್ರಾಕ್ಟರ್ ಹತ್ತಿರವೇ ಹೋಗೋಣ ಅಂತ ಅವಳು ಬ್ಯಾಗಿಗೆ ಕೈ ಹಾಕಿದ್ದಳು, ಅಷ್ಟರಲ್ಲಿ ಬಸವಲಿಂಗಮ್ಮ ತಲೆ ಎತ್ತದೆಯೇ ಮಾತಾಡಿದರು.

"ಆ ಹುಡುಗಿ ಕೇಳ್ತಿರೋದು ಬುದ್ಧಿ ಹೇಳೋರ್ನಲ್ಲ ಕಣ್ರೋ. ಹೂಂ ಅನ್ನೋಕೆ, ಉಹೂಂ ಅನ್ನೋಕೆ ಒಬ್ರು ಬೇಕು ಅಂತಿದಾಳೆ. ಅಷ್ಟೂ ಆಗಲ್ವಾ ನಿಮ್ಗೆ?"

ಹೇಗೆ ಬಾಯಿಗೆ ಬಂತೋ ಅಕ್ಷತಾಗೇ ತಿಳಿಯಲಿಲ್ಲ. "ಅಮ್ಮ, ಹಾಗಾದ್ರೆ ನೀವೇ ಆಗ್ತೀರಾ?"

ಚನ್ನೇಶ್ ನಕ್ಕ. ಅದಕ್ಕೆ ಪ್ರಾಜೆಕ್ಟ್ ಸ್ಪಾನ್ಸರ್ ಅಂತಾರಮ್ಮ, ಕೋರ್ಸಿನಲ್ಲಿ ಒಂದಿಡೀ ಪಾಠ ಇತ್ತು ಅಂದ. ಸ್ಪಾನ್ಸರ್ ಅಂದರೆ ಗಣಪತಿ ಕೂರಿಸುವಾಗ ಬ್ಯಾನರ್ ಕೆಳಗೆ ಫೋಟೋ ಹಾಕಿಸಿಕೊಳ್ಳುವವರಲ್ಲವೇ ಎಂದು ಬಸವಲಿಂಗಮ್ಮ ಕೇಳಿದರು. ಆಮೇಲೆ ಕೈಗೆ ಅಂಟಿದ ಅವರೆಯ ಸೊಗಡನ್ನು ಸೆರಗಿಗೆ ಒರೆಸಿಕೊಂಡು, ನಕ್ಷೆ ಇತ್ತ ತಾ ಅಂದರು. ಎರಡೂ ಕಡೆಯ ವಾದ ಕೇಳಿಸಿಕೊಂಡರು. ಮೆಟ್ಟಿಲು ಎಡಕ್ಕಿರಲಿ, ಮೇಲಿನ ಮೊದಲ ಕೋಣೆಯಲ್ಲಿ ದೇವರ ಪಟ ಹಾಕಿ ಸದಾಶಿವ ಕೂರಲಿ ಅಂದರು. ಸದಾಶಿವಯ್ಯ ಮುಖ ಸಣ್ಣದು ಮಾಡಿಕೊಂಡರು, ಆದರೆ ತಾಯಿಗೆ ಎದುರಾಡಲಿಲ್ಲ. ಅಕ್ಷತಾ ಅಲ್ಲಿಂದ ಹೊರಟಾಗ ಬಟವಾಡಿಯ ಟ್ರಾಫಿಕ್ಕೂ ಅವಳಿಗೆ ಚೆಂದ ಕಂಡಿತು.

ಆ ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ಮರುದಿನವೇ ಬಸವಲಿಂಗಮ್ಮ ಕಾರಿನಲ್ಲಿ ದಿಂಬು, ಫ್ಲಾಸ್ಕು, ಡಬ್ಬಿ ತುಂಬ ಅಕ್ಕಿರೊಟ್ಟಿ ಇಟ್ಟುಕೊಂಡು ಕುಣಿಗಲ್ಲಿಗೆ ಬಂದಿಳಿದರು. ಅದರ ಮರುದಿನವೂ ಬಂದರು. ಕೆಲಸದವರಿಗೆಲ್ಲ ರೊಟ್ಟಿ ಸಿಕ್ಕಿತು, ಎಲ್ಲರಿಗೂ ಅವರ ಮೇಲೆ ಪ್ರೀತಿ ಹುಟ್ಟಿತು. ಬಚ್ಚಲಿನ ಟೈಲ್ಸ್ ಬಣ್ಣ ಬದಲಾಯಿತು. ಎಲೆಕ್ಟ್ರಿಷಿಯನ್ ಯಾವ ಗೋಡೆಗೆ ಪಾಯಿಂಟ್ ಕೊಡಬೇಕೆಂದು ಅವರನ್ನೇ ಕೇಳತೊಡಗಿದ. ಅಕ್ಷತಾ ಏನಾದರೂ ಹೇಳಿದರೆ ಚಿಕ್ಕಬೋರಯ್ಯ ಬಹಳ ವಿನಯದಿಂದ, ಅಮ್ಮಾವ್ರನ್ನ ಒಂದ್ಮಾತು ಕೇಳ್ಕೊಂಬುಡಾನ ಅನ್ನುತ್ತಿದ್ದ. ಮೊದಲು ಹೂಂ ಅನ್ನುವವರೇ ಇರಲಿಲ್ಲ; ಈಗ ಪ್ರತಿ ಇಟ್ಟಿಗೆಗೂ ಹೂಂ ಸಿಗುತ್ತಿತ್ತು. ತಾನೇ ಕರೆತಂದವರನ್ನು ತಾನೇ ಹೇಗೆ ಹಿಂದಕ್ಕೆ ಕಳಿಸುವುದು?

ಒಂದು ಸಂಜೆ ಅಕ್ಷತಾಗೆ ತುಮಕೂರಿನ ಬಸ್ಸು ತಪ್ಪಿತು, ಬಾ ನನ್ನ ಜೊತೆ ಎಂದು ಬಸವಲಿಂಗಮ್ಮ ಕಾರು ಹತ್ತಿಸಿಕೊಂಡರು. ಊರು ದಾಟುವವರೆಗೂ ಅಕ್ಷತಾ ಕಿಟಕಿ ಕಡೆ ನೋಡುತ್ತಿದ್ದಳು. ಆಮೇಲೆ ಆದದ್ದಾಗಲಿ ಎಂದು ಬಾಯಿ ಬಿಟ್ಟಳು.

"ಅಮ್ಮ, ತಪ್ಪು ತಿಳ್ಕೋಬೇಡಿ. ಟೈಲ್ಸು, ಪಾಯಿಂಟು ಇದೆಲ್ಲ ನನ್ ಕೈಲಿ ಆಗುತ್ತೆ. ನನ್ ಕೈಲಿ ಆಗದೇ ಇರೋದು ಬೇರೆ ಇದೆ. ಅದಕ್ಕೆ ನೀವು ಬೇಕು."

ಹೆಬ್ಬೂರು ಬಂತು, ಹೋಯಿತು. ಅಕ್ಷತಾಗೆ ಕೆಲಸ ಹೋದ ಹಾಗೆಯೇ ಅನ್ನಿಸಿತು. ಮನೆಯಲ್ಲಿ ಅಮ್ಮನಿಗೆ ಏನು ಹೇಳುವುದೆಂದು ಯೋಚಿಸುತ್ತಿದ್ದಾಗ ಬಸವಲಿಂಗಮ್ಮ ನಿಧಾನವಾಗಿ ಶುರುಮಾಡಿದರು. ಗುಬ್ಬಿ ಅಂಗಡಿ ನಡೆಸುತ್ತಿದ್ದಾಗ, ಸ್ವಲ್ಪ ಹುಷಾರಾದ ಮೇಲೆ ಯಜಮಾನರು ಸಂಜೆ ಸಂಜೆ ಬರುತ್ತಿದ್ದರಂತೆ. ಬಂದವರು ಸುಮ್ಮನಿರದೆ ಇವರು ಜೋಡಿಸಿದ್ದ ಕೊಳಗ, ತಪ್ಪಲೆಗಳನ್ನೆಲ್ಲ ತೆಗೆದು ಬೇರೆ ಥರ ಜೋಡಿಸುತ್ತಿದ್ದರಂತೆ. ಮಾತಿನಲ್ಲಿ ಒಂದು ದಿನವೂ ಗದರಿದವರಲ್ಲ. ಆದರೂ ಅವರ ಸ್ಕೂಟರ್ ಸದ್ದು ಕೇಳಿದರೆ ಸಾಕು, ಇವತ್ತು ಯಾವುದನ್ನು ಎತ್ತಿಡುತ್ತಾರೋ ಎಂದು ಕೈಲಿದ್ದ ಕೆಲಸ ಅಲ್ಲೇ ನಿಂತುಬಿಡುತ್ತಿತ್ತಂತೆ.

"ನಿಂಗೂ ನನ್ ಕಾರ್ ಸದ್ದು ಕೇಳಿದ್ರೆ ಹಂಗೇ ಆಗುತ್ತಾ?" ಅಂದರು.

ಅಕ್ಷತಾ ಸುಳ್ಳು ಹೇಳಬಹುದಿತ್ತು. "ಸ್ವಲ್ಪ," ಅಂದಳು.

ಬಸವಲಿಂಗಮ್ಮ ಗಟ್ಟಿಯಾಗಿ ನಕ್ಕರು. ಡ್ರೈವರ್ ಯಲ್ಲಯ್ಯ ಬೆಚ್ಚಿ ಕನ್ನಡಿಯಲ್ಲಿ ನೋಡಿದ. ಗುರುವಾರ ಒಂದು ದಿನ ಬರುತ್ತೇನೆ, ಮಿಕ್ಕ ದಿನ ನಿನ್ನ ಪಾಡಿಗೆ ನೀನು ಮಾಡು, ಕಷ್ಟ ಬಂದರೆ ಮಾತ್ರ ಮುಚ್ಚಿಡದೆ ಫೋನ್ ಮಾಡು ಎಂದರು. ಅಕ್ಕಿರೊಟ್ಟಿ ಗುರುವಾರಕ್ಕಷ್ಟೇ ಅಂದಾಗ ಬೇಜಾರಾದದ್ದು ಚಿಕ್ಕಬೋರಯ್ಯನಿಗೆ.

ಆಮೇಲೆ ಕೆಲಸ ಸರಾಗವಾಗಿ ಓಡಿತು. ದಸರಾ ಹೊತ್ತಿಗೆ ಓಪನಿಂಗ್ ಎಂದು ನಿಶ್ಚಯವಾಯಿತು. ಮಠದ ಸ್ವಾಮಿಗಳು ಬರಲು ಒಪ್ಪಿದ್ದರು, ಆಹ್ವಾನ ಪತ್ರಿಕೆ ಹಂಚಿಯಾಗಿತ್ತು, ಚನ್ನೇಶ್ ಹೈವೇ ಪಕ್ಕ ಫ್ಲೆಕ್ಸ್ ಕಟ್ಟಿಸಿದ್ದ. ಆ ವರ್ಷ ಮಳೆ ಚೆನ್ನಾಗಿ ಬಿದ್ದು ಕುಣಿಗಲ್ ದೊಡ್ಡಕೆರೆ ತುಂಬಿ ತುಳುಕುತ್ತಿತ್ತು. ಅದನ್ನು ನೋಡಲು ಜನ ಸಂಸಾರ ಸಮೇತ ಹೋಗುತ್ತಿದ್ದರು. ಅದೇ ವಾರ ಅಂಗಡಿಯ ನೆಲಮಾಳಿಗೆಯ ಗೋಡೌನಿನಲ್ಲಿ ಮೂಲೆಯ ಗೋಡೆ ಬೆವರತೊಡಗಿತು. ಎರಡು ದಿನದಲ್ಲಿ ನೆಲದಲ್ಲಿ ನೀರು ನಿಂತಿತು.

ಮೇಲೆ ಒಂದು ಕೋಟ್ ಹೊಡೆದುಬಿಟ್ಟರೆ ಓಪನಿಂಗ್ ಮುಗಿಯುವ ತನಕ ಕಾಣುವುದಿಲ್ಲ ಎಂದು ಚಿಕ್ಕಬೋರಯ್ಯ ಮೆಲ್ಲಗೆ ಹೇಳಿದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಅವಳ ಮುಖ ನೋಡಿ ಹೇಳಿದ್ದು. ಸರಿಯಾಗಿ ಮಾಡಬೇಕಾದರೆ ಗಿಲಾವು ಕೆತ್ತಿ, ಹೊರಗಡೆಯಿಂದ ಮಣ್ಣು ತೆಗೆದು, ಮತ್ತೆ ವಾಟರ್ ಪ್ರೂಫಿಂಗ್ ಮಾಡಬೇಕಿತ್ತು. ಹಾಗೆ ಮಾಡಿದರೆ ದಸರಾ ಕೈತಪ್ಪುತ್ತಿತ್ತು, ದೀಪಾವಳಿ ವ್ಯಾಪಾರವೂ ಹೋಗುತ್ತಿತ್ತು. ಮೊದಲ ಸಲ ವಾಟರ್ ಪ್ರೂಫಿಂಗ್ ಮಾಡಿಸಿದವಳೂ ತಾನೇ; ತಪ್ಪು ತನ್ನ ತಲೆಗೇ ಬರುತ್ತದೆ. ಅಕ್ಷತಾ ಆ ಒದ್ದೆ ಗೋಡೆಗೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತಳು. ಕೋಟ್ ಹೊಡೆಸುವ ಆಸೆ ಬರಲಿಲ್ಲವೆಂದಲ್ಲ. ಮೇಲೆ ಬಂದು ಬಟವಾಡಿಗೆ ಫೋನ್ ಮಾಡಿದಳು.

ಬಸವಲಿಂಗಮ್ಮ ಪೂರ್ತಿ ಕೇಳಿಸಿಕೊಂಡರು. ಕಟ್ಟಡಕ್ಕೆ ಅಪಾಯವಿದೆಯೇ ಎಂದು ಕೇಳಿದರು. ಇಲ್ಲ, ಆದರೆ ಕೆಳಗಿಟ್ಟ ಮಾಲೆಲ್ಲ ಹಾಳಾಗುತ್ತದೆ, ವರ್ಷ ವರ್ಷ ಹೆಚ್ಚಾಗುತ್ತದೆ ಎಂದಳು. ನೀನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿದರು. ಓಪನಿಂಗ್ ಮುಂದಕ್ಕೆ ಹಾಕುತ್ತಿದ್ದೆ ಎಂದಳು. ಹಾಗಾದರೆ ಹಾಕು, ಸಂಜೆ ಮನೆಗೆ ಬಾ ಎಂದರು ಬಸವಲಿಂಗಮ್ಮ.

ಅವತ್ತು ಸಂಜೆ ಬಟವಾಡಿ ಮನೆಯಲ್ಲಿ ಸದಾಶಿವಯ್ಯ ಮೊದಲ ಸಲ ದನಿ ಎತ್ತಿದರು. ಪತ್ರಿಕೆ ಹಂಚಿ ಆಗಿದೆ, ಬೀಗರಿಗೆಲ್ಲ ಹೇಳಿ ಆಗಿದೆ, ಊರ ಮುಂದೆ ಮುಖ ಹೇಗೆ ತೋರಿಸೋದು ಎಂದರು. ಇಂಜಿನಿಯರಮ್ಮ ಇಷ್ಟು ದಿನ ಏನು ನೋಡುತ್ತಿದ್ದರು ಎಂದೂ ಕೇಳಿದರು. ಅಕ್ಷತಾ ತಲೆ ತಗ್ಗಿಸಿದಳು. ಆ ಪ್ರಶ್ನೆ ನ್ಯಾಯವಾದದ್ದೇ. ಚನ್ನೇಶ್ ಫ್ಲೆಕ್ಸ್ ನೆನೆಸಿಕೊಂಡು ತಲೆ ಮೇಲೆ ಕೈ ಹೊತ್ತು ಕೂತ.

ಬಸವಲಿಂಗಮ್ಮ ಹಿರಿಯ ಮಗನ ಮಾತು ಮುಗಿಯಲು ಬಿಟ್ಟರು.

"ಅವ್ಳು ಮುಚ್ಚಿಡದೆ ಬಂದು ಹೇಳಿದಾಳೆ. ಮುಂದಕ್ಕೆ ಹಾಕು ಅಂತ ಹೇಳಿದ್ದು ನಾನು. ಯಾರಾದ್ರೂ ಕೇಳಿದ್ರೆ ನಮ್ಮವ್ವ ಹಾಕಿದ್ಲು ಅನ್ನು. ಸ್ವಾಮಿಗಳ ಹತ್ರ ನಾನೇ ಹೋಗಿ ಹೇಳ್ತೀನಿ."

ಮರುದಿನ ಬೆಳಿಗ್ಗೆ ತಾನೂ ಮಠಕ್ಕೆ ಬರುತ್ತೇನೆಂದು ಅಕ್ಷತಾ ಫೋನ್ ಮಾಡಿದರೆ, ನೀನು ಬಂದು ಅಲ್ಲಿ ಏನು ಮಾಡ್ತೀಯ, ಹೋಗಿ ನೀರು ನೋಡ್ಕೋ ಎಂದು ಇಟ್ಟುಬಿಟ್ಟರು. ಹಣ್ಣುಕಾಯಿ ಹಿಡಿದು ಹೋದವರು ಮಧ್ಯಾಹ್ನದ ಹೊತ್ತಿಗೆ ಪ್ರಸಾದದ ಊಟ ಮುಗಿಸಿಕೊಂಡೇ ಬಂದರಂತೆ. ಬೀಗರಿಗೂ ಒಬ್ಬೊಬ್ಬರಿಗೆ ತಾವೇ ಫೋನ್ ಮಾಡಿದರು. ಹೆಚ್ಚಿನವರು ಹೌದಾ ಎಂದು ಕೇಳಿ ಬೇರೆ ಸುದ್ದಿಗೆ ಹೋದರು.

ಅಂಗಡಿ ಕಾರ್ತಿಕದ ಕೊನೆಯಲ್ಲಿ ಶುರುವಾಯಿತು. ದೀಪಾವಳಿ ವ್ಯಾಪಾರ ಹೋದದ್ದು ಹೋಯಿತು. ಹೊಸ ದಿನಕ್ಕೆ ದೊಡ್ಡ ಸ್ವಾಮಿಗಳಿಗೆ ಬರಲಾಗಲಿಲ್ಲ, ಕಿರಿಯ ಸ್ವಾಮಿಗಳು ಬಂದರು. ನೆಲಮಾಳಿಗೆ ಒಣಗಿತ್ತು, ಅಕ್ಷತಾ ಅಂದು ಬೆಳಿಗ್ಗೆ ರೇಷ್ಮೆ ಸೀರೆಯಲ್ಲೇ ಇಳಿದು ಗೋಡೆ ಮುಟ್ಟಿ ನೋಡಿ ಬಂದಿದ್ದಳು. ಲಗ್ನಗಳ ಕಾಲ ಹತ್ತಿರವಿದ್ದುದರಿಂದ ಜನ ಕಡಿಮೆಯೇನೂ ಇರಲಿಲ್ಲ. ಬಸವಲಿಂಗಮ್ಮ ಯಾರಿಗೋ ಹಿತ್ತಾಳೆ ಕೊಳಗದ ತಳ ಬಡಿದು ತೋರಿಸುತ್ತಾ ನಿಂತಿದ್ದರು.

ಶಾಮಿಯಾನದ ಕೆಳಗೆ ಅಕ್ಷತಾ ಒಬ್ಬಳೇ ಕೂತಿದ್ದಾಗ ಸದಾಶಿವಯ್ಯ ಬಂದು ಪಕ್ಕದ ಕುರ್ಚಿ ಎಳೆದುಕೊಂಡರು. ಓಪನಿಂಗ್ ಮುಂದಕ್ಕೆ ಹೋದ ಆ ಸಂಜೆಯಿಂದ ಅವಳೊಡನೆ ಅವರು ನೆಟ್ಟಗೆ ಮಾತಾಡಿರಲಿಲ್ಲ. ಜನರನ್ನು ನೋಡುತ್ತಾ, ಅವಳ ಕಡೆ ತಿರುಗದೆಯೇ ಹೇಳಿದರು.

"ಅಪ್ಪಾಜಿ ಇಲ್ದೆ ನಾವು ಮಾಡಿದ ಮೊದಲ್ನೇ ಕೆಲಸ ಇದು. ಎಲ್ಲಿ ಕೆಟ್ಟುಹೋಗುತ್ತೋ ಅಂತ ನಂಗೆ ನಿದ್ದೇನೇ ಬರ್ತಿರ್ಲಿಲ್ಲ. ಅದಕ್ಕೇ ಮೂರ್ಹೊತ್ತೂ ನಿಮ್ಗೆ ಫೋನ್ ಮಾಡ್ತಿದ್ದೆ."

ಹೀಗೂ ಇರಬಹುದೆಂದು ಅಕ್ಷತಾ ಒಂದು ದಿನವೂ ಅಂದುಕೊಂಡಿರಲಿಲ್ಲ. ನನಗೂ ಬರುತ್ತಿರಲಿಲ್ಲ ಸಾರ್ ಎಂದಳು. ಸದಾಶಿವಯ್ಯ ತಲೆಯಾಡಿಸಿದರು. ಆಮೇಲೆ ಊಟ ಆಯಿತೇ ಎಂದು ಕೇಳಿ, ಇಲ್ಲ ಅಂದಾಗ ತಾವೇ ಎದ್ದು ಪಂಕ್ತಿಯಲ್ಲಿ ಅವಳಿಗೊಂದು ಜಾಗ ಹುಡುಕಲು ಹೊರಟರು.