ಹಿಂದುಮುಂದಾದ ಹನ್ನೊಂದು ನಿಮಿಷ

ಓಕ್ಲ್ಯಾಂಡಿಗೆ ಹೊರಟ ರೈಲು ಯೂನಿಯನ್ ಸಿಟಿ ಸ್ಟೇಷನ್ ಬಿಟ್ಟು ಎರಡು ನಿಮಿಷವೂ ಆಗಿರಲಿಲ್ಲ. ವ್ಯಾಸರಾಜ ಅಂಕಲ್ ಫೋನಿನಲ್ಲಿ ನಿಹಾರಿಕಾಳನ್ನು ಒಂದೇ ಒಂದು ಪ್ರಶ್ನೆ ಕೇಳಿದರು.

“ಟೇಪು ಹಾಕೋಕೆ ಮುಂಚೆ ರಿವೈಂಡ್ ಮಾಡ್ದೆ ತಾನೇ?”

“ಇಲ್ಲ ಅಂಕಲ್. ಡಬ್ಬಿಯಿಂದ ತೆಗ್ದು ಹಾಗೇ ಹಾಕ್ದೆ.”

“ಸ್ಟುಡಿಯೋದವ್ರು ಟೇಪನ್ನ ಪೂರ್ತಿ ಓಡ್ಸಿ, ಹಾಡಿನ ಕೊನೆ ಹೊರಗಡೆ ಇರೋ ಹಾಗೇ ಎತ್ತಿಡ್ತಾರೆ ಪುಟ್ಟಿ. ಹಾಗೇ ಹಾಕಿದ್ರೆ ಎಲ್ಲಾ ಉಲ್ಟಾ ಕೇಳತ್ತೆ. ನಾನೇ ಹೇಳ್ಬೇಕಿತ್ತು. ಮರ್ತೇಬಿಟ್ಟೆ.”

ಕಾಪರ್ ಮೆರಿಡಿಯನ್ ಎಪ್ಪತ್ತರ ದಶಕದ ಆರ್ಟ್ ರಾಕ್ ಬ್ಯಾಂಡು. ಅವರ ಏಳು ಆಲ್ಬಮ್ಮುಗಳನ್ನು ನಿಹಾರಿಕಾ ವಾರಕ್ಕೊಂದರಂತೆ ಕೇಳಿ ಇಂಟರ್ನೆಟ್ಟಿನಲ್ಲಿ ಬರೆಯುತ್ತಾ ಬಂದಿದ್ದಳು. ಮೂರನೆಯ ಆಲ್ಬಮ್ಮಿನಲ್ಲಿ ರೆಕಾರ್ಡಿನ ಒಂದಿಡೀ ಮಗ್ಗುಲು ಟೇಪನ್ನು ಬೇಕೆಂದೇ ತಿರುಗಾಮುರುಗಾ ಓಡಿಸಿದ ಭೂಪರು ಅವರು. ಹಾಗಾಗಿ, ಪ್ಲೆಸೆಂಟನ್ನಿನ ನಿವೃತ್ತ ಡಾಕ್ಟರು ವ್ಯಾಸರಾಜರು ಸ್ಟುಡಿಯೋದಲ್ಲಿ ಕೆಲಸಕ್ಕಿದ್ದ ತಮ್ಮ ಹಳೆಯ ಪೇಷಂಟೊಬ್ಬ ಕೊಟ್ಟಿದ್ದ ಆ ಬ್ಯಾಂಡಿನ ರೀಲನ್ನು ಮಿಷಿನ್ನಿನ ಸಮೇತ ಕೈಗಿತ್ತಾಗ, ಅದರಿಂದ ಉಲ್ಟಾ ಸದ್ದು ಹೊರಟಿದ್ದಕ್ಕೆ ಅವಳಿಗೆ ಒಂದಿಷ್ಟೂ ಅನುಮಾನ ಬರಲಿಲ್ಲ. ಯಾರೂ ಕೇಳಿರದ ಹನ್ನೊಂದು ನಿಮಿಷದ ಹೊಸ ರಚನೆ ಸಿಕ್ಕಿದೆ ಎಂದು ಅವತ್ತೇ ಬರೆದು ಹಾಕಿದಳು. ಅದನ್ನು ಕೇಳಲೆಂದೇ ಇವತ್ತು ಮಧ್ಯಾಹ್ನ ಓಕ್ಲ್ಯಾಂಡಿನ ರೆಕಾರ್ಡ್ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ನಲವತ್ತು ಜನ ಸೇರುತ್ತಿದ್ದರು.

ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು, ಇಯರ್‌ಫೋನ್ ಸಿಕ್ಕಿಸಿಕೊಂಡು, ರೀಲಿನಿಂದ ಇಳಿಸಿಕೊಂಡಿದ್ದ ಆಡಿಯೋ ಫೈಲನ್ನು ಹಿಂದುಮುಂದು ತಿರುಗಿಸಿದಳು. ಒಂದು ಗುಂಡಿ ಒತ್ತಿದರೆ ಮುಗಿಯಿತು. ಗಿಟಾರು ಶುರುವಾಗಿ ನಾಲ್ಕು ಸೆಕೆಂಡಿಗೆಲ್ಲ ಗೊತ್ತಾಗಿ ಹೋಯಿತು. ನಾಲ್ಕನೆಯ ಆಲ್ಬಮ್ಮಿನ ಮೊದಲನೇ ಹಾಡು. ಕೇಳಲು ಬರುವವರಲ್ಲಿ ಒಬ್ಬೊಬ್ಬರಿಗೂ ಬಾಯಿಪಾಠ ಇರುವಂಥದ್ದು. ಬರೀ ರಿಹರ್ಸಲ್ಲು, ನಡುವೆ ಯಾರೋ ಕೆಮ್ಮುತ್ತಾರೆ.

ಅಂಗಡಿಯ ಬಾಗಿಲಲ್ಲೇ ಗೆಳತಿ ಗಾರ್ಗಿ ಕಾಯುತ್ತಿದ್ದಳು. ಕಾರ್ಯಕ್ರಮ ಹೊಂದಿಸಿದವಳು ಅವಳೇ. ನಿಹಾರಿಕಾ ಒಂದೇ ಉಸಿರಿಗೆ ಎಲ್ಲವನ್ನೂ ಒದರಿದಳು.

“ಸರಿ, ಹೇಳ್ಬೇಡ ಬಿಡು,” ಎಂದಳು ಗಾರ್ಗಿ. “ಉಲ್ಟಾನೇ ಹಾಕು. ಯಾರಿಗ್ ಗೊತ್ತಾಗತ್ತೆ?”

“ನಂಗ್ ಗೊತ್ತಲ್ಲ.”

“ನೀನು ಸುಮ್ನಿದ್ರೆ ಆಯ್ತಪ್ಪ. ಯೋಗಾನಂದ ಅಂಕಲ್ ಸ್ಯಾಕ್ರಮೆಂಟೋ ಇಂದ ಡ್ರೈವ್ ಮಾಡ್ಕೊಂಡ್ ಬಂದಿದಾರೆ ಕಣೇ. ಆಗ್ಲೇ ಲಿಸ್ಟಲ್ಲಿ ಬರ್ಕೊಂಡೂ ಆಗಿದೆ.”

ನಿಹಾರಿಕಾಳಿಗೆ ಚಿಂತೆಯಿದ್ದದ್ದೇ ಆ ಲಿಸ್ಟಿನದು. ಬ್ಯಾಂಡಿನ ಪ್ರತಿಯೊಂದು ಅಪರೂಪದ ರೆಕಾರ್ಡಿಂಗನ್ನೂ ಯೋಗಾನಂದರು ಮೂವತ್ತು ವರ್ಷದಿಂದ ಪಟ್ಟಿ ಮಾಡುತ್ತಾ ಬಂದಿದ್ದರು. ಅದರಲ್ಲಿ ಇದ್ದದ್ದು ನಿಜ, ಇಲ್ಲದ್ದು ಸುಳ್ಳು ಎಂದು ಎಲ್ಲರೂ ನಂಬುತ್ತಿದ್ದರು. ಸುಮ್ಮನಿದ್ದರೆ ಯಾರೋ ಕೆಮ್ಮಿದ ರಿಹರ್ಸಲ್ಲು ಹೊಸ ರಚನೆಯಾಗಿ ಶಾಶ್ವತವಾಗಿ ಅಲ್ಲೇ ಉಳಿಯುತ್ತದೆ. ಹೇಳಿದರೆ, ರೀಲು ಹಾಕಲೂ ಬಾರದ ಹುಡುಗಿಯ ಮಾತನ್ನು ಇನ್ನು ಮೇಲೆ ಯಾರು ಕೇಳುತ್ತಾರೆ?

ಮೈಕಿನ ಮುಂದೆ ನಿಂತಳು. ಮೊದಲನೇ ಸಾಲಿನಲ್ಲೇ ಯೋಗಾನಂದರು, ಮಡಿಲಲ್ಲಿ ಆ ಪಟ್ಟಿಯ ದಪ್ಪ ಫೈಲು.

“ನಾನು ಟೇಪು ತಪ್ಪು ಹಾಕಿದ್ದೆ,” ಎಂದುಬಿಟ್ಟಳು, ಇಂಗ್ಲಿಷಿನಲ್ಲಿ, ವಿಪರೀತ ಬೇಗ. “ಸ್ಟುಡಿಯೋದವರು ಕೊನೆ ಹೊರಗಡೆ ಇಡುತ್ತಾರೆ, ನಾನು ರಿವೈಂಡ್ ಮಾಡಲಿಲ್ಲ. ಇದು ಹೊಸದಲ್ಲ. ಸಾರಿ.” ಮೊದಲು ಉಲ್ಟಾ ಒಂದು ನಿಮಿಷ, ಆಮೇಲೆ ಸರಿಯಾದದ್ದು ಹಾಕಿದಳು. ಯಾರೋ ನಕ್ಕರು. ಹಿಂದಿನಿಂದ ಇಬ್ಬರು ಎದ್ದು ಹೋದರು. ಅವಳು ಮುಂದಿನ ಸಾಲಿನ ಕಡೆ ಮಾತ್ರ ನೋಡಲಿಲ್ಲ.

ಹಾಡು ಮುಗಿದಾಗ ಯೋಗಾನಂದರು ಎದ್ದು ಟೇಬಲ್ಲಿನ ಹತ್ತಿರ ಬಂದರು.

“ಲಿಸ್ಟಿಂದ ಹೊಡ್ದ್ ಹಾಕ್ಬಿಡಿ ಅಂಕಲ್,” ಎಂದಳು.

“ಅದಿರ್ಲಿ. ಕೊನೆ ಹೊರಗಡೆ ಇಡ್ತಾರೆ ಅಂದ್ಯಲ್ಲ. ಎಲ್ಲಾ ಸ್ಟುಡಿಯೋದವ್ರೂನಾ?”

“ಜಾಸ್ತಿ ಜನ ಅಂತೆ. ನಂಗೂ ಇವತ್ತೇ ಗೊತ್ತಾಗಿದ್ದು.”

ಅವರು ಫೈಲು ಬಿಚ್ಚಿ ಹಾಳೆ ಮಗುಚಿದರು. ಮತ್ತೆ ಮಗುಚಿದರು. ಬೆರಳು ಒಂದು ಕಡೆ ನಿಂತಿತು.

“ಈ ಥರ ಉಲ್ಟಾ ಪೀಸು ಇನ್ನೂ ಮೂರು ಇದಾವೆ ಇದ್ರಲ್ಲಿ. ಯಾರೋ ಕ್ಯಾಸೆಟ್ ಮಾಡಿ ಕಳ್ಸಿದ್ರು, ತೊಂಬತ್ತಾರರಲ್ಲಿ. ಯಾವ ತುದಿಯಿಂದ ಹಾಕಿದ್ರಿ ಅಂತ ನಾನು ಕೇಳ್ಲೇ ಇಲ್ಲ.” ದನಿ ತೀರಾ ಇಳಿದಿತ್ತು. “ಅವುಗಳ ಮೇಲೆ ಲೇಖನ ಬೇರೆ ಬರ್ದಿದೀನಿ.”

ಜೇಬಿನಿಂದ ಫೋನು ತೆಗೆದು, ಮೊದಲನೆಯದನ್ನು ಹುಡುಕಿ ಅವಳಿಗೆ ಕಳಿಸಿದರು. ಗಾರ್ಗಿ ಸ್ಪೀಕರಿನ ವಾಲ್ಯೂಮು ಪೂರ್ತಿ ತಗ್ಗಿಸಿ ಪಕ್ಕಕ್ಕೆ ಬಂದು ನಿಂತಳು. ನಿಹಾರಿಕಾ ಅದನ್ನು ಲ್ಯಾಪ್‌ಟಾಪಿನಲ್ಲಿ ತಿರುಗಿಸಿ, ಇಯರ್‌ಫೋನಿನ ಒಂದು ಕಿವಿಯನ್ನು ಅವರಿಗೆ ಕೊಟ್ಟು, ಇನ್ನೊಂದನ್ನು ತಾನಿಟ್ಟುಕೊಂಡಳು.

“ಬೇಡ ಅಂದ್ರೆ ಬಿಡೋಣ ಅಂಕಲ್.”

ಯೋಗಾನಂದರು ಪಟ್ಟಿಯ ಫೈಲನ್ನು ಮುಚ್ಚಿ ಟೇಬಲ್ಲಿನ ಮೇಲೆ ಬೋರಲಾಗಿಟ್ಟರು.

“ಹಾಕಮ್ಮ,” ಎಂದರು.