ಕೇಳುವ ಕೆಲಸ

ಚಕ್ರ ನಿಲ್ಲುವವರೆಗೂ ಸೈಕಲ್ ರಿಪೇರಿಯವನು ತಲೆ ಎತ್ತಲಿಲ್ಲ. ರಿಮ್ಮಿನ ಹತ್ತಿರ ಕಿವಿಯಿಟ್ಟು ಬಗ್ಗಿ ಕೂತಿದ್ದ. ಎಲ್ಲೋ ಒಂದು ಕಡ್ಡಿ ಸಡಿಲವಾಗಿ, ಸುತ್ತಿಗೊಮ್ಮೆ 'ಟಿಕ್' ಎನ್ನುತ್ತಿತ್ತು. ಅಂಗಡಿಯ ಮುಂದೆ ಯಾರೋ ಬಂದು ನಿಂತು ಹೊತ್ತಾಯಿತೆಂದು ಅವನಿಗೆ ಗೊತ್ತಿತ್ತು. ಆದರೂ ಕಡ್ಡಿ ಹುಡುಕಿ, ಬಿಗಿ ಮಾಡಿ, ಇನ್ನೊಮ್ಮೆ ತಿರುಗಿಸಿ ಕೇಳಿದ. ಆಮೇಲೆ ಕೈ ಒರೆಸಿಕೊಂಡು ನೋಡಿದರೆ ಶಾಲೆಯ ಟೀಚರಮ್ಮ.

"ಪಂಕ್ಚರ್ ಆಯ್ತಾ ಮೇಡಂ?"

"ಸೈಕಲ್ ಚೆನ್ನಾಗಿದೆ. ನಿಮ್ಮನ್ನೇ ಹುಡುಕ್ಕೊಂಡು ಬಂದೆ. ವಾರಕ್ಕೆ ಎರಡು ದಿನ, ಅರ್ಧರ್ಧ ಗಂಟೆ ಶಾಲೆಗೆ ಬರ್ತೀರಾ?"

"ಏನು ಕೆಟ್ಟಿದೆ?"

"ಏನೂ ಕೆಟ್ಟಿಲ್ಲ. ಮಕ್ಕಳು ಓದ್ತಾರೆ, ನೀವು ಕೂತು ಕೇಳಬೇಕು. ಅಷ್ಟೆ."

ಅವನು ಕೈಯೊರೆಸುವ ಬಟ್ಟೆಯನ್ನು ಮಡಚಿದ, ಬಿಚ್ಚಿದ. "ನಾನು ಏಳನೇ ಕ್ಲಾಸಿಗೇ ಬಿಟ್ಟೋನು. ಮಾತಾಡೋಕೂ ಬರಲ್ಲ."

"ಅದಕ್ಕೇ ಬಂದಿದ್ದು!"

ಒಳಗಿನಿಂದ ಹೆಂಡತಿ ನಕ್ಕಿದ್ದು ಕೇಳಿಸಿತು. ಅಂಗಡಿಯ ಹಿಂದೆಯೇ ಮನೆ. ಗೋಡೆಗೆ ಕಿವಿ ಇಲ್ಲದಿದ್ದರೂ ಆಕೆಗೆ ಇತ್ತು. "ಇವರನ್ನಾ ಮೇಡಂ? ಮದುವೆಯಾಗಿ ಮೂರು ದಿನ ನಾನು ಇವರು ಮೂಗರು ಅಂತಲೇ ತಿಳ್ಕೊಂಡಿದ್ದೆ. ನಾಲ್ಕನೇ ದಿನ ಬಾಯಿ ಬಿಟ್ಟು, ಉಪ್ಪು ಕಮ್ಮಿ ಅಂದ್ರು."

ಟೀಚರಮ್ಮ ಅಲ್ಲಿದ್ದ ಸ್ಟೂಲನ್ನು ತಾನೇ ಎಳೆದುಕೊಂಡು ಕೂತಳು. ಶಾಲೆಯ ಗೇಟಿಗೆ 'ಸ್ವಯಂಸೇವಕರು ಬೇಕಾಗಿದ್ದಾರೆ' ಎಂದು ಬೋರ್ಡು ಹಾಕಿ ಎರಡು ತಿಂಗಳಾಗಿತ್ತಂತೆ. ಓದಿದವರೆಲ್ಲ ಅದು ಇನ್ಯಾರಿಗೋ ಬರೆದದ್ದೆಂದುಕೊಂಡು ಮುಂದೆ ಹೋಗಿದ್ದರು. ಬಂದವರು ಒಬ್ಬರೇ, ನಿವೃತ್ತ ಪೋಸ್ಟ್‌ಮಾಸ್ತರರು. ಮಗು ಒಂದು ಸಾಲು ಓದುವಷ್ಟರಲ್ಲಿ ಅವರಿಗೆ ತಮ್ಮ ಸರ್ವಿಸಿನ ಯಾವುದೋ ಸಂಗತಿ ನೆನಪಾಗುತ್ತಿತ್ತು. ಸಂಗತಿ ಮುಗಿಯುವಷ್ಟರಲ್ಲಿ ಮಗುವಿಗೆ ಜೊಂಪು.

"ಈಗ ಅವರಿಗೆ ಗಿಡಗಳ ಉಸ್ತುವಾರಿ ಕೊಟ್ಟಿದೀನಿ," ಎಂದಳು ಟೀಚರಮ್ಮ. "ಗಿಡಗಳು ಬೇಜಾರು ಮಾಡ್ಕೊಳ್ಳಲ್ಲ. ಬೋರ್ಡು ಕಿತ್ತು ಹಾಕಿದೆ. ಇನ್ನು ಒಬ್ಬೊಬ್ಬರ ಬಾಗಿಲಿಗೂ ನಾನೇ ಹೋಗೋದು ಅಂತ ತೀರ್ಮಾನ. ಕಳೆದ ವಾರ ಬಂದಾಗ್ಲೂ ಹತ್ತು ನಿಮಿಷ ನಿಂತು ನೋಡಿದ್ದೆ. ಒಂದು ಚಕ್ರಾನ ಅಷ್ಟು ಹೊತ್ತು ಕೇಳೋರು ಒಂದು ಮಗೂನ ಕೇಳಲ್ವಾ?"

ಅವನಿಗೆ ಇಲ್ಲವೆನ್ನಲು ಮಾತು ಹೊಳೆಯಲಿಲ್ಲ. ಹಾಗೆ ಒಪ್ಪಿದಂತಾಯಿತು.

ಮಂಗಳವಾರ, ಶುಕ್ರವಾರ. ಶಾಲೆಯ ಮಹಡಿ ಮೆಟ್ಟಿಲಿನ ಕೆಳಗೆ ಒಂದು ಬೆಂಚು, ಪುಸ್ತಕ ತುಂಬಿದ ಹಳೆಯ ಟ್ರಂಕು. ಎಷ್ಟು ತಿಕ್ಕಿ ತೊಳೆದರೂ ಅವನ ಉಗುರ ಸಂದಿಯ ಕಪ್ಪು ಹೋಗುತ್ತಿರಲಿಲ್ಲ, ಪಂಕ್ಚರ್ ಅಂಟಿಸುವ ಸೊಲ್ಯೂಷನ್ನಿನ ವಾಸನೆಯೂ ಹೋಗುತ್ತಿರಲಿಲ್ಲ. ಮಕ್ಕಳು ಒಬ್ಬೊಬ್ಬರಾಗಿ ಬಂದು ಪಕ್ಕದಲ್ಲಿ ಕೂತು ಓದುತ್ತಿದ್ದರು. ತಡವರಿಸಿದರೆ ಅವನು ಕಾಯುತ್ತಿದ್ದ. ಕಾಯುವುದು ಅವನಿಗೆ ಕಷ್ಟದ ಕೆಲಸವೇ ಅಲ್ಲ. ಎರಡೇ ವಾರದಲ್ಲಿ ಮಕ್ಕಳು ಅವನನ್ನು ಸೈಕಲ್ ಮಾಮ ಮಾಡಿಕೊಂಡರು.

ಅವರಲ್ಲಿ ಒಬ್ಬಳು ಮೂರನೇ ಕ್ಲಾಸಿನ ಹುಡುಗಿ. ಇಡೀ ಶಾಲೆ ಅವಳನ್ನು ರೇಡಿಯೊ ಎಂದೇ ಕರೆಯುತ್ತಿತ್ತು. ಪುಸ್ತಕ ತೆಗೆದಳೆಂದರೆ ಎಲ್ಲೂ ತಡೆಯಿಲ್ಲ, ಗಡಗಡ ಓದಿ ಮುಗಿಸಿ, "ಆಯ್ತು ಮಾಮ," ಎಂದು ಎದ್ದುಬಿಡುತ್ತಿದ್ದಳು. ಕೇಳಿಕೊಂಡು ಕೂತವನಿಗೆ ಅದೇಕೋ ಸಮಾಧಾನವಿಲ್ಲ. ಯಾವ ಸದ್ದೂ ಮಾಡದೆ ತಿರುಗುವ ಚಕ್ರವನ್ನು ಅವನು ಎರಡನೆಯ ಸಲವೂ ತಿರುಗಿಸಿ ನೋಡುವವನು.

ಒಂದು ಶುಕ್ರವಾರ ಅವಳು ಓದಿದ್ದು ಕನ್ನಡಕ ಕಳೆದುಕೊಂಡ ಅಜ್ಜಿಯ ಕಥೆ. ಅಜ್ಜಿ ಮಂಚದ ಕೆಳಗೆ ಹುಡುಕಿದಳು, ಹಿಟ್ಟಿನ ಡಬ್ಬದಲ್ಲಿ ಹುಡುಕಿದಳು, ಬೆಕ್ಕನ್ನು ಬೈದಳು. ಕಥೆ ಮುಗಿದು ಹುಡುಗಿ ಓಡಿದ ಮೇಲೆ ಅವನು ಪುಸ್ತಕವನ್ನು ಟ್ರಂಕಿಗಿಡಲು ಎತ್ತಿಕೊಂಡರೆ, ನಡುವಿನ ಎರಡು ಹಾಳೆ ಒಂದಕ್ಕೊಂದು ಅಂಟಿಕೊಂಡಿವೆ. ಅವನಿಗೆ ಜೀವ ಹಿಡಿಯಷ್ಟಾಯಿತು. ಮಂಗಳವಾರ ಪಂಕ್ಚರ್ ಹಾಕಿದ ಕೈಯಲ್ಲೇ ಬಂದು ಇದೇ ಪುಸ್ತಕ ಮುಟ್ಟಿದ್ದ. ಬೆರಳಿನ ಸೊಲ್ಯೂಷನ್ ಹತ್ತಿದೆ. ಹರಿಯದಂತೆ ಉಗುರಿನಿಂದ ಮೆಲ್ಲಗೆ ಬಿಡಿಸಿದ. ಒಳಗೆ ಹಿಟ್ಟಿನ ಡಬ್ಬದ ಚಿತ್ರವಿತ್ತು. ಅದರ ಕೆಳಗೆ ಹಿಟ್ಟಿನ ಡಬ್ಬದ ಮಾತೆಲ್ಲ ಇತ್ತು.

ಅವನು ಬೆಂಚಿನ ಮೇಲೆ ಮತ್ತೆ ಕೂತ. ಅವಳು ಓದುವಾಗ ಹಾಳೆಗಳು ಅಂಟಿಯೇ ಇದ್ದವು. ಹುಡುಗಿ ಎರಡನ್ನೂ ಒಟ್ಟಿಗೆ ಮಗುಚಿದ್ದಳು. ಆದರೆ ಅವಳ ಓದಿನಲ್ಲಿ ಹಿಟ್ಟಿನ ಡಬ್ಬ ಬಿಟ್ಟುಹೋಗಿರಲಿಲ್ಲ.

ಅಷ್ಟರಲ್ಲಿ ಟೀಚರಮ್ಮ ಬಂದಳು, ಮುಖ ಅರಳಿಸಿಕೊಂಡು. "ಇನ್ನು ಆರು ವಾರಕ್ಕೆ ಪಾಲಕರ ಸಭೆ ಇಟ್ಕೊಂಡಿದೀನಿ. ಇನ್ನೂ ಹತ್ತು ಜನಾನಾದ್ರೂ ನಿಮ್ಮ ಹಾಗೆ ಬರಬೇಕು. ನಾನು ಭಾಷಣ ಹೊಡೆದ್ರೆ ಆಕಳಿಸ್ತಾರೆ. ಒಂದು ಮಗೂನೇ ಎದ್ದು ಓದಲಿ. ನಿಮ್ಮ ರೇಡಿಯೊಗೆ ಹೇಳಿದೀನಿ. ಹೊಸ ಪುಸ್ತಕದ ಪಾರ್ಸಲ್ ಬರೋದಿದೆ, ಅವತ್ತೇ ಬಿಚ್ಚಿ ಕೈಗೆ ಕೊಡೋದು. ಹೇಗೆ?"

"ಹೂಂ," ಎಂದ ಅವನು.

ಮನೆಗೆ ಬಂದು ಹೆಂಡತಿಗೆ ಹೇಳಿದ. ಅಷ್ಟು ಉದ್ದದ ಸಂಗತಿಯನ್ನು ಅವನ ಬಾಯಲ್ಲಿ ಆಕೆ ಕೇಳಿದ್ದೇ ಅಪರೂಪ.

"ಮೇಡಂಗೆ ಹೇಳಿಬಿಡಿ. ಆ ಜನದೆದುರಿಗೆ ಹೊಸ ಪುಸ್ತಕ ಹಿಡ್ಕೊಂಡು ಮಗು ಏನು ಮಾಡುತ್ತೆ?"

"ಹೇಳಿದ್ರೆ ಬೇರೆಯವಳನ್ನ ನಿಲ್ಲಿಸ್ತಾರೆ."

"ನಿಲ್ಲಿಸ್ಲಿ."

"ಆಮೇಲೆ ಇವಳು ಓದೋಕೆ ಬರೋದೇ ಬಿಟ್ಟರೆ?"



ಮಂಗಳವಾರ ಬೆಳಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲು ಅವನು ಒಂದು ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ಐದಾರು ಸಾಲು ಬರೆದ. ಒಂದೊಂದು ಅಕ್ಷರಕ್ಕೂ ನಾಲಿಗೆ ಹೊರಗೆ ಬರುತ್ತಿತ್ತು. ಹುಡುಗಿ ಬಂದು ಟ್ರಂಕಿಗೆ ಕೈ ಹಾಕಿದಾಗ, ಹಾಳೆಯನ್ನು ಬೆಂಚಿನ ಮೇಲಿಟ್ಟ.

"ಇದು ಯಾವ ಪುಸ್ತಕದ್ದು?"

"ಪುಸ್ತಕದ್ದಲ್ಲ. ಬೆಳಗ್ಗೆ ನಾನೇ ಬರೆದದ್ದು. ಇನ್ನೂ ಯಾರೂ ಓದಿಲ್ಲ."

ಹುಡುಗಿ ಹಾಳೆ ನೋಡಿದಳು. ಅವನನ್ನು ನೋಡಿದಳು. ಕಿವಿಯ ತುದಿ ಕೆಂಪಾಯಿತು. ಅಕ್ಷರಗಳೇನೋ ಅವಳಿಗೆ ಬರುತ್ತಿದ್ದವು, ಬಿಡಿಬಿಡಿಯಾಗಿ; ಕೂಡಿಸುವಷ್ಟರಲ್ಲಿ ಮೊದಲನೆಯದು ಮರೆತುಹೋಗುತ್ತಿತ್ತು. ಒತ್ತಕ್ಷರ ಬಂದಲ್ಲಂತೂ ಕಾಲೇ ಏಳದು. ಹತ್ತು ನಿಮಿಷ ಇಬ್ಬರೂ ಹಾಳೆ ನೋಡುತ್ತಾ ಕೂತರು. ಗಂಟೆ ಬಾರಿಸಿದಾಗ ಅವಳು ನೆಲ ನೋಡುತ್ತಲೇ ಹೇಳಿದಳು.

"ಅಕ್ಕ ಇಲ್ಲಿದ್ದಾಗ ಎಲ್ಲಾ ಓದಿ ಹೇಳ್ತಿದ್ಲು. ಎರಡು ಸಲ ಕೇಳಿದ್ರೆ ನಂಗೆ ಬಂದುಬಿಡುತ್ತೆ. ಈಗ ಅಕ್ಕ ಚಿಕ್ಕಮ್ಮನ ಊರಲ್ಲಿ ಓದ್ತಿದಾಳೆ."

"ಇಡೀ ಟ್ರಂಕು ನಿನ್ನ ತಲೇಲಿದೆಯಾ?"

"ಅಡಿಯಲ್ಲಿರೋ ನಾಲ್ಕು ಪುಸ್ತಕ ಇಲ್ಲ."

"ಅಬ್ಬಾ!" ಎಂದ. ಅವನು ಗೇಲಿ ಮಾಡಿರಲಿಲ್ಲ. ಅಂಗಡಿಗೆ ನಿನ್ನೆ ಬಂದ ಸೈಕಲ್ ಯಾರದ್ದೆಂದು ಅವನಿಗೆ ಇವತ್ತು ನೆನಪಿರುತ್ತಿರಲಿಲ್ಲ.

"ಟೀಚರಿಗೆ ಹೇಳ್ತೀರಾ?"

"ನನ್ನ ಇಲ್ಲಿ ಇಟ್ಟಿರೋದು ಕೇಳೋಕೆ. ಹೇಳೋಕಲ್ಲ."

ಶುಕ್ರವಾರ ಅವಳು ಬರಲಿಲ್ಲ. ಬೇರೆ ಮಕ್ಕಳು ಓದಿ ಹೋದ ಮೇಲೂ ಅವನು ಅರ್ಧ ಗಂಟೆ ಹಾಳೆ ಹಿಡಿದು ಕೂತೇ ಇದ್ದ. ಗಿಡಕ್ಕೆ ನೀರು ಹಾಕುತ್ತಿದ್ದ ಪೋಸ್ಟ್‌ಮಾಸ್ತರರು ಬಂದು ಒಂದು ಸಂಗತಿ ಹೇಳಿ ಹೋದರು. ಮುಂದಿನ ಮಂಗಳವಾರವೂ ಅಷ್ಟೇ. ಶುಕ್ರವಾರ ಮತ್ತೆ ಕೂತಿದ್ದಾಗ, ಕಂಬದ ಹಿಂದಿನಿಂದ ಅರ್ಧ ಮುಖ ಕಾಣಿಸಿತು.

"ನೀವು ಯಾಕೆ ಎಲ್ಲರೂ ಹೋದ ಮೇಲೂ ಕೂತಿರ್ತೀರಿ?"

"ಬರೆದಿದ್ದು ಕೇಳಬೇಕಲ್ಲ."

ಬಂದು ಕೂತಳು. ಹಾಳೆಯ ಮೇಲೆ ಬೆರಳಿಟ್ಟಳು. "ಒಂ...ದು. ಒಂದು ಸೈ...ಕಲ್. ಬಂ...ತು." ಮೂರು ಪದಕ್ಕೆ ಮೂಗಿನ ಮೇಲೆ ಬೆವರು. ಎರಡನೆಯ ಸಾಲಿನಲ್ಲಿ ಸಿಕ್ಕಿಕೊಂಡಳು. "ಗಾಳಿ ಪೂ...ತಿರ್... ಪೂತಿರ್ ಅಂದ್ರೇನು?"

ಅವನು ಯೋಚಿಸಿದ. ಇದನ್ನು ಹೇಗೆ ಹೇಳಿಕೊಡುತ್ತಾರೋ ಅವನಿಗೆ ತಿಳಿಯದು. "ಸೈಕಲ್ಲಲ್ಲಿ ಇಬ್ಬರು ಬಂದ್ರೆ ಮೊದಲು ಯಾರು ಇಳೀತಾರೆ?"

"ಹಿಂದೆ ಕೂತಿರೋರು."

"ಈ ಕೊಕ್ಕೆ ಹಿಂದೆ ಕೂತಿದೆ," ಎಂದು 'ತಿ'ಯ ಪಕ್ಕದ ಅರ್ಕಾವತ್ತನ್ನು ತೋರಿಸಿದ.

ಹುಡುಗಿ ಕೊಕ್ಕೆಯನ್ನೇ ದುರುಗುಟ್ಟಿ ನೋಡಿದಳು. "ಪೂ... ರ್... ಪೂರ್ತಿ! ಗಾಳಿ ಪೂರ್ತಿ ಇಳಿದಿತ್ತು!"

ಆ ಹಾಳೆ ಮುಗಿಯಲು ಇನ್ನೆರಡು ದಿನ ಬೇಕಾಯಿತು. ಅದರಲ್ಲಿದ್ದದ್ದು ಇಷ್ಟು: ಮುಳ್ಳು ಹುಡುಕಿದೆ. ಮುಳ್ಳು ಇರಲಿಲ್ಲ. ಸೈಕಲ್ ಪೋಸ್ಟ್‌ಮಾಸ್ತರರದು. ಅವರ ಮಾತು ಕೇಳಿ ಕೇಳಿ ಗಾಳಿ ತಾನಾಗಿಯೇ ಇಳಿದುಹೋಗಿತ್ತು. ಕೊನೆಯ ಪದಕ್ಕೆ ಬೆರಳು ಬಂತು. ಆಮೇಲೆ ಹುಡುಗಿ ಬೆಂಚಿನಿಂದ ಬೀಳುವ ಹಾಗೆ ನಕ್ಕಳು. ಅಜ್ಜಿ ಬೆಕ್ಕನ್ನು ಬೈಯುವಲ್ಲಿ ಅವಳು ಒಮ್ಮೆಯೂ ನಕ್ಕಿರಲಿಲ್ಲವೆಂಬುದು ಅವನಿಗೆ ಆಗ ನೆನಪಾಯಿತು.

ಅಲ್ಲಿಂದ ಮುಂದೆ ಪ್ರತಿ ಸಲವೂ ಹೊಸ ಹಾಳೆ. ಬರೆಯುವ ಸಂಕಟಕ್ಕೆ ಅವನ ಅಂಗಡಿ ಬಾಗಿಲು ತೆರೆಯುವುದು ತಡವಾಗುತ್ತಿತ್ತು. "ಇಷ್ಟು ಮಾತು ಎಲ್ಲಿ ಬಚ್ಚಿಟ್ಟಿದ್ರಿ?" ಎಂದು ಹೆಂಡತಿ ಇಣುಕಿ ಓದುತ್ತಿದ್ದಳು. ತನ್ನ ಬಗ್ಗೆ ಬರೆದ ಹಾಳೆಯೊಂದನ್ನು ಸಿಟ್ಟು ಮಾಡಿಕೊಂಡಂತೆ ಕಸಿದುಕೊಂಡು ಎರಡು ಸಲ ಓದಿದಳು.

ಸಭೆಯ ದಿನ ದೊಡ್ಡ ಕೋಣೆ ತುಂಬಿತ್ತು. ಕೆಲಸದ ಬಟ್ಟೆಯಲ್ಲೇ ಬಂದವರು, ಕಂಕುಳಲ್ಲಿ ಮಗು ಎತ್ತಿಕೊಂಡವರು, ಬೇಗ ಎದ್ದುಹೋಗಲೆಂದೇ ಬಾಗಿಲ ಬಳಿ ನಿಂತವರು. ರಿಪೇರಿಯವನು ಹೆಂಡತಿಯ ಪಕ್ಕದಲ್ಲಿ ಮುಂದಿನ ಬೆಂಚಿನ ತುದಿಗೆ ಕೂತಿದ್ದ. ಟೀಚರಮ್ಮ ಪಾರ್ಸಲ್ ಬಿಚ್ಚಿ, ಮೇಲಿದ್ದ ಪುಸ್ತಕವನ್ನು ಹುಡುಗಿಯ ಕೈಗೆ ಕೊಟ್ಟಳು. "ಒಂದೇ ಪುಟ ಓದಮ್ಮ. ಈ ಪುಸ್ತಕಾನ ಇವಳು ಇವತ್ತೇ ನೋಡ್ತಿರೋದು."

ಹುಡುಗಿ ಒಂದು ಸಲ ಅವನ ಕಡೆ ನೋಡಿದಳು. ಬೆರಳಿಟ್ಟಳು.

"ಒಂದು... ಮೇಕೆ... ಬಸ್ಸು... ಹತ್ತಿತು."

ಕೋಣೆಯಲ್ಲಿ ಗುಜುಗುಜು ಎದ್ದಿತು. ಟೀಚರಮ್ಮನ ಮುಖದ ನಗು ಅಲ್ಲೇ ನಿಂತಿತು. ಇವಳು ಹೀಗೆ ಎಡವಿದ್ದನ್ನು ಅವಳು ಕಂಡೇ ಇರಲಿಲ್ಲ. "ಇದೇನ್ರೀ, ರೇಡಿಯೊಗೆ ಬ್ಯಾಟರಿ ಇಲ್ವಾ?" ಎಂದು ಹಿಂದೆ ಯಾರೋ ಪಿಸುಗುಟ್ಟಿದರು. ಒಂದಿಬ್ಬರು ನಕ್ಕರು.

"ಎಲ್ಲಾ... ಪ್ರ... ಪ್ರ..." ಬೆರಳು ನಿಂತಿತು. ಅವಳ ತುಟಿ ಅಲುಗುತ್ತಿತ್ತು, ದನಿ ಬರುತ್ತಿರಲಿಲ್ಲ.

"ಪ್ರಯಾ—" ಎಂದು ಪೋಸ್ಟ್‌ಮಾಸ್ತರರು ಎದ್ದರು.

"ತಡೀರಿ."

ಅದು ಯಾರ ದನಿಯೆಂದು ಎಲ್ಲರೂ ತಿರುಗಿದರು. ಅವನ ಹೆಂಡತಿಯೂ ತಿರುಗಿದಳು. ರಿಪೇರಿಯವನು ಎದ್ದು ನಿಂತಿದ್ದ. "ಅವಳು ಓದ್ತಾ ಇದಾಳೆ," ಎಂದ. "ನಮಗೇನು ಅವಸರ?"

ಪೋಸ್ಟ್‌ಮಾಸ್ತರರು ಕೂತರು. ಅವನೂ ಕೂತ. ಹೊರಗೆ ಯಾವುದೋ ನಲ್ಲಿಯಿಂದ ಬಕೆಟ್ಟಿಗೆ ನೀರು ಬೀಳುವುದು ಕೇಳುತ್ತಿತ್ತು.

"ಪ್ರ... ಯಾ... ಣಿ... ಕರು. ಪ್ರಯಾಣಿಕರು. ಎಲ್ಲಾ ಪ್ರಯಾಣಿಕರು ಮೇಕೆಗೆ ಜಾಗ ಬಿಟ್ಟರು."

ಸಾಲು ಸಾಲಾಗಿ ಪುಟ ಇಳಿಯಿತು. ಮೇಕೆ ಕಂಡಕ್ಟರನ ಟಿಕೆಟ್ ಪುಸ್ತಕ ತಿಂದಲ್ಲಿಗೆ ಬಂದಾಗ, ಬೇರೆಯವರಿಗಿಂತ ಮೊದಲು ಹುಡುಗಿಗೇ ನಗು ಬಂತು. ತಡೆದುಕೊಂಡು ಮುಂದಿನ ಪದಕ್ಕೆ ಬೆರಳು ಸರಿಸಿದಳು. ಬಾಗಿಲ ಬಳಿ ಮಗುವನ್ನು ತೂಗುತ್ತಿದ್ದ ಹೆಂಗಸು ತೂಗುವುದನ್ನು ನಿಲ್ಲಿಸಿದ್ದಳು.

ಪುಟ ಮುಗಿಯಿತು. ಟೀಚರಮ್ಮ ಪುಸ್ತಕ ತೆಗೆದುಕೊಳ್ಳಲು ಕೈ ಚಾಚಿದಳು. ಹುಡುಗಿ ನೋಡಲಿಲ್ಲ, ಮುಂದೇನಾಯಿತೆಂದು ಅವಳಿಗೂ ಗೊತ್ತಿರಲಿಲ್ಲ, ಆಗಲೇ ಹಾಳೆ ಮಗುಚಿ ಮೊದಲ ಪದವನ್ನು ಹಿಡಿದಿದ್ದಳು. ಚಾಚಿದ ಕೈಯನ್ನು ಟೀಚರಮ್ಮ ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು. ರಿಪೇರಿಯವನು ಸ್ವಲ್ಪ ಸರಿದು ಬೆಂಚಿನ ತುದಿಯಲ್ಲಿ ಜಾಗ ಮಾಡಿಕೊಟ್ಟ. ಟೀಚರಮ್ಮ ಅಲ್ಲಿ ಕೂತು, ಮೊಣಕಾಲ ಮೇಲೆ ಕೈ ಮಡಚಿಟ್ಟುಕೊಂಡು, ಕೇಳತೊಡಗಿದಳು.